ಪ್ಲೇಟು ಬಿಚ್ಚೋ ಮುಂಚೆ ಮೀಟರ್ ಹಿಡೀರಿ

ಹಾಸನದಲ್ಲಿ ಸೋಲಾರ್ ರಿಪೇರಿ 1983ರಿಂದಲೇ ನಡೆದಿದೆ. ಆ ವರ್ಷ ಆಗಸ್ಟ್ 30ರಂದು ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಮೇಲೇರಿದ ಇನ್ಸಾಟ್-1ಬಿ ಉಪಗ್ರಹ ತನ್ನ ಸೋಲಾರ್ ಫಲಕ ಬಿಚ್ಚಿಕೊಳ್ಳದೆ ಹಟ ಹಿಡಿಯಿತು. ಹಿಂದಿನ ವರ್ಷವಷ್ಟೇ ಅದರ ಅಣ್ಣ ಇನ್ಸಾಟ್-1ಎ ಒಂದಾದ ಮೇಲೊಂದು ತೊಡಕಿಗೆ ಸಿಕ್ಕಿ ಕೈಬಿಟ್ಟುಹೋಗಿತ್ತು. ಇದೂ ಅದೇ ದಾರಿ ಹಿಡಿಯಿತೇನೋ ಎಂಬ ಆತಂಕದಲ್ಲೇ ನಮ್ಮವರೂ, ಉಪಗ್ರಹ ಕಟ್ಟಿಕೊಟ್ಟ ಫೋರ್ಡ್ ಕಂಪನಿಯವರೂ ಸೇರಿ ಸೆಪ್ಟೆಂಬರ್ ನಡುವಿನ ಹೊತ್ತಿಗೆ ಫಲಕ ಬಿಚ್ಚಿಸಿದರು. ಉಪಗ್ರಹದ ಬಳಿ ಹೋಗಿ ಕೈಯಾಡಿಸುವ ಹಾಗಿರಲಿಲ್ಲ. ಹಾಸನದಲ್ಲಿರುವ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ಗೆ ಸಿಗುತ್ತಿದ್ದದ್ದು ಮೇಲಿಂದ ಇಳಿದು ಬರುವ ಅಂಕಿಗಳು: ಇಷ್ಟು ವೋಲ್ಟು, ಇಷ್ಟು ಆಂಪಿಯರ್, ಇಷ್ಟು ಶಾಖ. ಮುಂದೆ 1988ರ ಇನ್ಸಾಟ್-1ಸಿಯಲ್ಲಿ ವಿದ್ಯುತ್ ಸಾಗುವ ಎರಡು ಹಾದಿಗಳಲ್ಲಿ ಒಂದು ಕೆಟ್ಟು ಅರ್ಧ ಕೆಲಸ ನಿಂತಿತು. 1997ರ ಜೂನ್‌ನಲ್ಲಿ ಹಾರಿದ ಇನ್ಸಾಟ್-2ಡಿ ಅಕ್ಟೋಬರ್ ಹೊತ್ತಿಗೆ ವಿದ್ಯುತ್ ಹಾದಿಯ ದೋಷದಿಂದಲೇ ಸತ್ತಿತು.

ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸುತ್ತಿದ್ದಾಗ ಹುಡುಗರಿಗೆ ಈ ಕಥೆ ಹೇಳುತ್ತಿದ್ದೆ. ನಿವೃತ್ತನಾದ ಮೇಲೆ ಅದೇ ಹುಡುಗರು, ಅವರ ಭಾವಂದಿರು, ಅವರ ಊರಿನವರು ಫೋನ್ ಮಾಡುತ್ತಾರೆ. ಯೂಟ್ಯೂಬ್ ನೋಡಿ, ಬೆಂಗಳೂರಿನ ಎಸ್‌ಪಿ ರೋಡಿನಿಂದ ಸಾಮಾನು ತಂದು, ತಾವೇ ತಾರಸಿ ಮೇಲೆ ಸೋಲಾರ್ ಕೂರಿಸಿಕೊಂಡವರು. ಎಲ್ಲರ ಮೊದಲ ಮಾತೂ ಒಂದೇ: "ಮೇಷ್ಟ್ರೇ, ಪ್ಲೇಟು ಹೋಗ್ಬುಟ್ಟದೆ."

ಪ್ಲೇಟು ಹೋಗಿರುವುದಿಲ್ಲ. ಗಾಜು ಒಡೆಯದ, ಹಿಂದಿನ ಹಾಳೆ ಸುಡದ, ಹೆಸರಿರುವ ಕಂಪನಿಯ ಪ್ಯಾನೆಲ್ಲು ಎರಡು ಮೂರು ವರ್ಷಕ್ಕೆಲ್ಲ ಸಾಯುವುದು ತೀರಾ ಅಪರೂಪ. ಕಂಪನಿಗಳು 25 ವರ್ಷದ ಗ್ಯಾರಂಟಿ ಕೊಡುವುದು ಸುಮ್ಮನೆ ಅಲ್ಲ. ಪ್ಯಾನೆಲ್ಲಿನಿಂದ ಬ್ಯಾಟರಿವರೆಗಿನ ಹಾದಿಯಲ್ಲಿ ಎಲ್ಲೋ ಕರೆಂಟು ಸೋರುತ್ತಿರುತ್ತದೆ, ಇಲ್ಲವೇ ಸಿಕ್ಕಿಹಾಕಿಕೊಂಡಿರುತ್ತದೆ. ಅದನ್ನು ಹುಡುಕಲು ಬೇಕಾದದ್ದು ಒಂದು ಮಲ್ಟಿಮೀಟರು, ಒಂದು ಕ್ಲಾಂಪ್ ಮೀಟರು. ಕ್ಲಾಂಪ್ ಮೀಟರ್ ಕೊಳ್ಳುವಾಗ ಒಂದು ಎಚ್ಚರ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಹಳಷ್ಟು ಕ್ಲಾಂಪುಗಳು ಎಸಿ ಆಂಪಿಯರ್ ಮಾತ್ರ ಅಳೆಯುತ್ತವೆ. ಸೋಲಾರ್ ವೈರಿಗೆ ಹಿಡಿದರೆ ಸೊನ್ನೆ ತೋರಿಸುತ್ತವೆ, ನೀವು ಪ್ಲೇಟು ಹೋಯಿತು ಅಂದುಕೊಳ್ಳುತ್ತೀರಿ. ಡಿಸಿ ಆಂಪಿಯರ್ ಅಳೆಯುವುದನ್ನೇ ಕೇಳಿ ತೆಗೆದುಕೊಳ್ಳಿ.

ಹೊಳೆನರಸೀಪುರ ತಾಲ್ಲೂಕಿನ ಒಂದು ಮನೆ. ಹೇಮಾವತಿ ನಾಲೆ ಬದಿಯ ಗದ್ದೆ, ಹಿಂದೆ ಹಳೇ ಹೆಂಚಿನ ಮನೆ, ಮುಂದೆ ಹೊಸ ಮೋಲ್ಡಿನ ಮನೆ. ಹಿಂದಿನ ಕೊಟ್ಟಿಗೆಯ ಮೇಲೆ 165 ವ್ಯಾಟಿನ ಎರಡು ಪ್ಯಾನೆಲ್ಲು, ಮುಂದಿನ ಮನೆಯ ಮೆಟ್ಟಿಲ ಕೆಳಗೆ ಕಂಟ್ರೋಲರು, ಬ್ಯಾಟರಿ, ಯುಪಿಎಸ್. ಎರಡೂ ಪ್ಯಾನೆಲ್ಲು ಸಮಾಂತರ ಜೋಡಣೆಯಲ್ಲಿ, ಅಂದರೆ ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸಿ. ಒಳ್ಳೆ ಬಿಸಿಲಿನಲ್ಲಿ 18 ಆಂಪಿಯರ್ ಬರಬೇಕು. ಕ್ಲಾಂಪ್ ಹಿಡಿದರೆ 11.

ಮನೆಯ ಹುಡುಗ ಮೊದಲೇ ಅಳೆದಿದ್ದ. "21 ವೋಲ್ಟ್ ಬತ್ತಾ ಐತೆ ಸಾರ್, ಆದ್ರೂ ಬ್ಯಾಟರಿ ತುಂಬಕಿಲ್ಲ." ಅವನು ಅಳೆದದ್ದು ವೈರು ಬಿಚ್ಚಿ, ಖಾಲಿ ಪ್ಯಾನೆಲ್ಲಿನ ವೋಲ್ಟೇಜು. ಕರೆಂಟು ಹರಿಯದಿದ್ದಾಗ ಎಂಥ ಸಣ್ಣ ವೈರಿನಲ್ಲೂ, ಎಂಥ ಕೊಳೆತ ಜಾಯಿಂಟಿನಲ್ಲೂ ವೋಲ್ಟೇಜು ಪೂರ್ತಿ ಕಾಣುತ್ತದೆ. ಲೋಡು ಬಿದ್ದಾಗ ಅಳೆದರೆ ಮಾತ್ರ ನಿಜ ಹೊರಬೀಳುತ್ತದೆ. ಎಲ್ಲವನ್ನೂ ಮತ್ತೆ ಜೋಡಿಸಿ, ಬ್ಯಾಟರಿ ಚಾರ್ಜ್ ಆಗುತ್ತಿರುವಾಗಲೇ ಅಳೆದೆವು. ಕೊಟ್ಟಿಗೆ ಮೇಲೆ ಪ್ಯಾನೆಲ್ಲಿನ ಬಾಯಲ್ಲಿ 17.2 ವೋಲ್ಟು. ಮೆಟ್ಟಿಲ ಕೆಳಗೆ ಕಂಟ್ರೋಲರ್ ಬಾಯಲ್ಲಿ 13.5. ನಡುದಾರಿಯಲ್ಲಿ 3.7 ವೋಲ್ಟು ಮಾಯ.

ಲೆಕ್ಕ ಸುಲಭ. ಮನೆ ವೈರಿಂಗಿನಲ್ಲಿ ಉಳಿದಿದ್ದ 2.5 ಸ್ಕ್ವೇರ್ ಎಂಎಂ ತಾಮ್ರದ ವೈರು ಎಳೆದಿದ್ದರು. ಅದರ ರೋಧ ಮೀಟರಿಗೆ ಸುಮಾರು 7.4 ಮಿಲಿಓಮ್. ದೂರ 20 ಮೀಟರು, ಹೋಗಿ ಬರಲು 40. ಒಟ್ಟು 0.3 ಓಮ್‌ನಷ್ಟು. 11 ಆಂಪಿಯರ್ ಹರಿದರೆ 3.3 ವೋಲ್ಟು ವೈರಿನಲ್ಲೇ ಕರಗುತ್ತದೆ. ಉಳಿದ 0.4 ಎಲ್ಲಿ? ಸೂರಿನ ಕೆಳಗೆ ವೈರು ಸಾಲದೆ ತಿರುಚಿ, ಕಪ್ಪು ಟೇಪು ಸುತ್ತಿದ ಒಂದು ಜಾಯಿಂಟಿತ್ತು. ಮೀಟರಿನ ಒಂದು ಕಡ್ಡಿ ಜಾಯಿಂಟಿನ ಈಚೆ, ಇನ್ನೊಂದು ಆಚೆ ಇಟ್ಟರೆ ನೇರ 0.4 ವೋಲ್ಟು. ಹುಡುಗ ಟೇಪು ಮುಟ್ಟಿ ನೋಡಿ ಕೈ ಹಿಂದೆಗೆದ. ನಾಲ್ಕು ವ್ಯಾಟಿಗಿಂತ ಹೆಚ್ಚು ಶಕ್ತಿ ಒಂದು ಇಂಚಿನ ಜಾಗದಲ್ಲಿ ಬಿಸಿಯಾಗುತ್ತಿತ್ತು, ಅದೂ ಹಳೇ ತೇಗದ ತೊಲೆಗೆ ತಾಗಿಕೊಂಡು.

ವೋಲ್ಟು ಕಡಿಮೆಯಾದರೆ ಆಂಪಿಯರ್ ಯಾಕೆ ಕಡಿಮೆಯಾಗಬೇಕು ಎಂದು ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. 12 ವೋಲ್ಟಿನದು ಅನ್ನುವ 36 ಸೆಲ್ಲಿನ ಪ್ಯಾನೆಲ್ಲು ಹೆಚ್ಚು ಕೆಲಸ ಮಾಡುವುದು 17-18 ವೋಲ್ಟಿನ ಆಸುಪಾಸಿನಲ್ಲಿ. ಅದೂ ಹಿಂದಿನ ಚೀಟಿಯಲ್ಲಿರುವಂತೆ 25 ಡಿಗ್ರಿ ಶಾಖದಲ್ಲಿ. ಮಧ್ಯಾಹ್ನದ ಬಿಸಿಲಿಗೆ ಪ್ಯಾನೆಲ್ಲು 60 ಡಿಗ್ರಿ ಕಾದಿರುತ್ತದೆ, ಆಗ ಆ ಬಿಂದು 15-16ಕ್ಕೆ ಇಳಿಯುತ್ತದೆ. ಅದರಿಂದಾಚೆಗೆ ತಳ್ಳಿದರೆ ಆಂಪಿಯರ್ ದಬದಬ ಬೀಳುತ್ತದೆ. ವೈರಿನಲ್ಲಿ ಕಳೆಯುವುದನ್ನೂ ಸೇರಿಸಿ ತಳ್ಳಬೇಕಾದ್ದರಿಂದ ಪ್ಯಾನೆಲ್ಲು ಏದುಸಿರು ಬಿಡುತ್ತಿತ್ತು. ಎರಡೂ ಪ್ಯಾನೆಲ್ಲನ್ನು ಸರಣಿಯಲ್ಲಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ, 6 ಸ್ಕ್ವೇರ್ ಎಂಎಂ ಸೋಲಾರ್ ಕೇಬಲ್ ಎಳೆದು, ಪ್ಯಾನೆಲ್ಲನ್ನು ಅದರ ಒಳ್ಳೆಯ ಬಿಂದುವಿನಲ್ಲೇ ದುಡಿಸಿ ಬ್ಯಾಟರಿಗೆ ತಕ್ಕ ವೋಲ್ಟಿಗೆ ಇಳಿಸಿಕೊಡುವ ಎಂಪಿಪಿಟಿ ಕಂಟ್ರೋಲರ್ ಹಾಕಿಸಿದೆ. ಹಾದಿಯಲ್ಲಿ ಹರಿಯುವ ಆಂಪಿಯರ್ ಅರ್ಧವಾಯಿತು, ನಷ್ಟವೂ ಇಳಿಯಿತು. ಹೊಸ ಪ್ಯಾನೆಲ್ಲು ಕೊಳ್ಳಲು ಇಟ್ಟಿದ್ದ ದುಡ್ಡಿನಲ್ಲೇ ಇಷ್ಟೂ ಆಯಿತು. ಬ್ಯಾಟರಿಯನ್ನೇ ಕೊಟ್ಟಿಗೆ ಪಕ್ಕಕ್ಕೆ ಒಯ್ಯಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಾನೂ ಅದನ್ನೇ ಹೇಳಿದೆ, ಅವರಪ್ಪ ಒಪ್ಪಲಿಲ್ಲ. ಬ್ಯಾಟರಿ ಕಳುವಾದರೆ ಯಾರು ಹೊಣೆ?

ಈ ಎಂಪಿಪಿಟಿ, ಪಿಡಬ್ಲ್ಯುಎಂ ಎಂಬ ಎರಡು ಬಗೆಯ ಕಂಟ್ರೋಲರುಗಳ ವಿಚಾರದಲ್ಲಿ ಮೋಸ ಹೋದವರು ಹಾಸನದಲ್ಲೇ ಎಷ್ಟೋ ಮಂದಿ. 540 ವ್ಯಾಟಿನ ದೊಡ್ಡ ಪ್ಯಾನೆಲ್ಲು ವ್ಯಾಟಿನ ಲೆಕ್ಕದಲ್ಲಿ ಸೋವಿ. ಮನೆಯಲ್ಲಿ 150 ಆಂಪಿಯರ್-ಅವರಿನ ಒಂದು ಬ್ಯಾಟರಿ ಹೇಗೂ ಇರುತ್ತದೆ. ನಡುವೆ ಆರೇಳು ನೂರು ರೂಪಾಯಿಯ ಕಂಟ್ರೋಲರ್ ಸಿಕ್ಕಿಸಿದರೆ ಆಯಿತು ಅಂದುಕೊಳ್ಳುತ್ತಾರೆ. ಆ ಅಗ್ಗದ ಡಬ್ಬಿಯ ಒಳಗಿರುವುದು ಪಿಡಬ್ಲ್ಯುಎಂ. ಅದು ಪ್ಯಾನೆಲ್ಲನ್ನು ಬ್ಯಾಟರಿಯ ವೋಲ್ಟಿಗೇ ಎಳೆದು ಕಟ್ಟುತ್ತದೆ. 540 ವ್ಯಾಟಿನ ಪ್ಯಾನೆಲ್ಲು 41 ವೋಲ್ಟಿನಲ್ಲಿ 13 ಆಂಪಿಯರ್ ಕೊಡುವಂಥದ್ದು. ಪಿಡಬ್ಲ್ಯುಎಂನಲ್ಲಿ ಅದೇ 13 ಆಂಪಿಯರ್ 13 ವೋಲ್ಟಿನಲ್ಲಿ ಹರಿಯುತ್ತದೆ. ಗುಣಿಸಿ ನೋಡಿ, 170 ವ್ಯಾಟು. ಮೂರರಲ್ಲಿ ಎರಡು ಪಾಲು ತಾರಸಿಯಲ್ಲೇ ಉಳಿಯಿತು.

ಇನ್ನೂ ಒಂದು ಸೂಕ್ಷ್ಮವಿದೆ. ಆ ಪ್ಯಾನೆಲ್ಲಿನ ಖಾಲಿ ವೋಲ್ಟೇಜು 49.5ರಷ್ಟು. ಅಗ್ಗದ ಕಂಟ್ರೋಲರುಗಳ ಮೇಲೆ ಸಣ್ಣ ಅಕ್ಷರದಲ್ಲಿ ಗರಿಷ್ಠ 50 ವೋಲ್ಟು ಎಂದಿರುತ್ತದೆ. ಅರ್ಧ ವೋಲ್ಟು ಉಳಿದಿದೆಯಲ್ಲ ಅನ್ನುವಂತಿಲ್ಲ. ಪ್ಯಾನೆಲ್ಲು ತಣ್ಣಗಾದಷ್ಟೂ ವೋಲ್ಟು ಏರುತ್ತದೆ. ಹಾಸನದ ಡಿಸೆಂಬರ್ ಬೆಳಗ್ಗೆ 15 ಡಿಗ್ರಿಯಲ್ಲಿ ಇದ್ದಕ್ಕಿದ್ದಂತೆ ಬಿಸಿಲು ಬಿದ್ದರೆ 50 ದಾಟಿಬಿಡುತ್ತದೆ. ಬೇಸಿಗೆಯಿಡೀ ಚೆನ್ನಾಗಿದ್ದ ಕಂಟ್ರೋಲರು ಧನುರ್ಮಾಸದ ಒಂದು ಬೆಳಗ್ಗೆ ಸುಟ್ಟುಹೋಗಿ, ಮನೆಯವರು ದೃಷ್ಟಿ ತೆಗೆಸಿದ್ದನ್ನೂ ಕಂಡಿದ್ದೇನೆ. ದೃಷ್ಟಿ ತೆಗೆಸಿ, ಬೇಡ ಅನ್ನಲ್ಲ. ಆಮೇಲೆ ಪ್ಯಾನೆಲ್ಲಿನ ಖಾಲಿ ವೋಲ್ಟೇಜಿಗಿಂತ ಕಾಲು ಪಾಲಾದರೂ ಹೆಚ್ಚು ತಾಳುವ ಎಂಪಿಪಿಟಿ ತನ್ನಿ.

ಚನ್ನರಾಯಪಟ್ಟಣದ ಕಡೆಯ ದೂರು ಬೇರೆ ಥರ. ಅಲ್ಲಿ ತೆಂಗು. ಏಪ್ರಿಲ್‌ನಲ್ಲಿ ಕೂರಿಸಿದಾಗ ಭರ್ಜರಿಯಾಗಿದ್ದ ಸಿಸ್ಟಮ್ಮು ದೀಪಾವಳಿ ಕಳೆದ ಮೇಲೆ ಅರ್ಧಕ್ಕಿಳಿಯಿತು ಅಂತ ಒಬ್ಬರು ಕರೆದರು. ಬ್ಯಾಟರಿ ಬದಲಾಯಿಸಿದ್ದೂ ಆಗಿತ್ತು. ಹೋಗಿ ನೋಡಿದರೆ ಮನೆಯ ತೆಂಕಲಿಗೆ ಸುಮಾರು 50 ಅಡಿಯ ತೆಂಗಿನ ಮರ. ನಮ್ಮ ಈ ಭಾಗದಲ್ಲಿ ಏಪ್ರಿಲ್ ಕೊನೆಯ ವಾರ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ, ಮರದ ನೆರಳು ಬುಡದಲ್ಲೇ ಮಡಚಿಕೊಂಡಿರುತ್ತದೆ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ಎಷ್ಟು ವಾಲಿರುತ್ತಾನೆಂದರೆ ಅದೇ ಮರದ ನೆರಳು ಮಧ್ಯಾಹ್ನ 12ಕ್ಕೂ 37 ಅಡಿ ಬಡಗಲಿಗೆ ಚಾಚುತ್ತದೆ. ಬೆಳಗ್ಗೆ, ಸಂಜೆ ಇನ್ನೂ ಉದ್ದ.

ಒಂದು ಗರಿಯ ನೆರಳು ತಾನೇ ಅಂತ ಜನ ಅಸಡ್ಡೆ ಮಾಡುತ್ತಾರೆ. ಪ್ಯಾನೆಲ್ಲಿನೊಳಗೆ ಸೆಲ್ಲುಗಳು ಸರಪಳಿಯ ಹಾಗೆ ಸಾಲಾಗಿ ಜೋಡಿಸಿರುತ್ತವೆ. ಒಂದು ಸೆಲ್ಲಿಗೆ ಮಬ್ಬು ಕವಿದರೆ ಆ ಸಾಲಿನ ಉಳಿದ ಸೆಲ್ಲುಗಳೂ ಅದರ ಮಟ್ಟಕ್ಕೇ ಇಳಿಯಬೇಕು. ಹಾಗಾಗದಿರಲಿ ಎಂದು ಹಿಂಬದಿಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ಡಯೋಡು ಇಟ್ಟಿರುತ್ತಾರೆ. ನೆರಳು ಬಿದ್ದ ಭಾಗವನ್ನು ಬಳಸಿಕೊಂಡು ಕರೆಂಟು ಮುಂದೆ ಹೋಗುತ್ತದೆ, ಆದರೆ ಆ ಮೂರನೇ ಒಂದು ಪಾಲು ಸೊನ್ನೆ. ಗರಿಯ ನೆರಳು ಅಡ್ಡಡ್ಡ ಬಿದ್ದು ಮೂರೂ ಭಾಗ ಮುಟ್ಟಿದರೆ ಪ್ಯಾನೆಲ್ಲು ಇದ್ದೂ ಇಲ್ಲದ ಹಾಗೆ.

ಮಗ ಮರ ತೆಗೆಸೋಣ ಅಂದ. ಜಗಲಿಯಲ್ಲಿ ಕೂತಿದ್ದ ತಾಯಿ ಎಲೆ ಅಡಿಕೆ ಬದಿಗಿಟ್ಟು, "ಪ್ಲೇಟಿಗೋಸ್ಕರ ಕಾಯಿ ಬಿಡೋ ಮರ ಕಡೀತೀಯೇನ್ಲಾ?" ಅಂದರು. ಅವರು ಹೇಳಿದ್ದೇ ಸರಿ. ನಟ್ಟು ಬೋಲ್ಟು ಬಿಚ್ಚಿ ಸ್ಟ್ಯಾಂಡನ್ನು ತಾರಸಿಯ ಮೂಡಣ ಮೂಲೆಗೆ ಸರಿಸಿದೆವು. ತೋಟದ ನಡುವೆ ಮನೆಯಿರುವವರು ಡಿಸೆಂಬರ್‌ನಲ್ಲಿ ಒಂದು ದಿನ ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಗಂಟೆಗೊಮ್ಮೆ ತಾರಸಿಯ ಮೇಲೆ ನೆರಳಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದಿಟ್ಟುಕೊಳ್ಳಿ. ಪ್ಯಾನೆಲ್ಲು ಎಲ್ಲಿಡಬೇಕು ಅನ್ನುವುದನ್ನು ಯಾರನ್ನೂ ಕೇಳಬೇಕಿಲ್ಲ. ಅಂದ ಹಾಗೆ ಅದೇ ಸೀಮೆಯಲ್ಲಿ ಸುಗ್ಗಿ ಹೊತ್ತಿಗೆ ರಸ್ತೆ ಮೇಲೆ ರಾಗಿ ಒಕ್ಕಣೆ. ಆ ದೂಳು ಗಾಜಿನ ಮೇಲೆ ಕೂತರೆ ಇಬ್ಬನಿಗೆ ನೆನೆದು ಅಂಟಾಗುತ್ತದೆ. ಬಿಸಿಲೇರುವ ಮುಂಚೆ ನೀರು ಹುಯ್ದು ಬಟ್ಟೆಯಲ್ಲಿ ಒರೆಸಿದರೆ ಸಾಕು. ಕಾದ ಗಾಜಿಗೆ ಮಟಮಟ ಮಧ್ಯಾಹ್ನ ತಣ್ಣೀರು ಎರಚಬೇಡಿ.

ಅರಕಲಗೂಡಿನಲ್ಲಿ ಬ್ಯಾಟರಿಗಳು ಸಾಯುತ್ತವೆ. ಅದಕ್ಕೆ ಕಾರಣ ಮಳೆ, ಮತ್ತು ಮಳೆಗಾಲದಲ್ಲೂ ಬೇಸಿಗೆಯ ಹಾಗೇ ಖರ್ಚು ಮಾಡುವ ನಮ್ಮ ಅಭ್ಯಾಸ. ಕೊಣನೂರು, ರಾಮನಾಥಪುರದ ಕಡೆ, ಕೊಡಗಿನ ಗಡಿಗೆ ಹತ್ತಿರವಾದಷ್ಟೂ, ಪುನರ್ವಸು, ಪುಷ್ಯ ಮಳೆಯ ಕಾಲದಲ್ಲಿ ವಾರಗಟ್ಟಲೆ ಮೋಡ. ಹಗಲು ಬ್ಯಾಟರಿ ಅರೆಹೊಟ್ಟೆ ತುಂಬುತ್ತದೆ, ರಾತ್ರಿ ಟಿವಿ, ಫ್ಯಾನು, ಲೈಟು ಅದನ್ನು ತಳದವರೆಗೆ ಬಳಿಯುತ್ತವೆ. ಸೀಸದ ಬ್ಯಾಟರಿ ಹೀಗೆ ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಇದ್ದರೆ ಅದರ ಫಲಕಗಳ ಮೇಲೆ ಕೂತ ಸಲ್ಫೇಟು ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ಬಿಸಿಲು ಬಂದರೂ ಕರಗುವುದಿಲ್ಲ. ದಸರೆ ಬಿಸಿಲಲ್ಲಿ ಕಂಟ್ರೋಲರ್ ಫುಲ್ ಅಂತ ಹಸಿರು ದೀಪ ತೋರಿಸುತ್ತದೆ, ರಾತ್ರಿ ಎಂಟಕ್ಕೆ ಯುಪಿಎಸ್ ಕುಂಯ್ ಅನ್ನುತ್ತದೆ.

ಅಲ್ಲೊಬ್ಬರು ಹೊಗೆಸೊಪ್ಪು ಬೆಳೆಗಾರರ ಮನೆಯಲ್ಲಿ ಬ್ಯಾಟರಿ ಪರೀಕ್ಷೆ ಮಾಡಿದೆವು. ಎಲ್ಲ ಬಿಚ್ಚಿ ರಾತ್ರಿಯಿಡೀ ಸುಮ್ಮನೆ ಬಿಟ್ಟು ಬೆಳಗ್ಗೆ ಅಳೆದಾಗ 12.1 ವೋಲ್ಟು. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.7ರಷ್ಟು ಇರಬೇಕು, 12.2 ಅಂದರೆ ಅರ್ಧ. ಆದರೆ ಈ ಒಂದು ಅಂಕಿ ನಂಬಿ ಬ್ಯಾಟರಿ ಗುಜರಿಗೆ ಹಾಕಬೇಡಿ. ಆರು ಮುಚ್ಚಳ ತೆಗೆದು ಹೈಡ್ರೋಮೀಟರ್ ಇಳಿಸಿ. ಬ್ಯಾಟರಿ ಅಂಗಡಿಯವರು 1.240 ಸಾಂದ್ರತೆಯನ್ನು 1240 ಅಂತಲೇ ಓದುತ್ತಾರೆ. ಆರೂ ಸೆಲ್ಲು ಒಂದೇ ಸಮ ಕಡಿಮೆ ಇದ್ದರೆ ಬ್ಯಾಟರಿ ಬರೀ ಹಸಿದಿದೆ, ಮೇನ್ಸ್ ಚಾರ್ಜರಿಗೆ ಹಾಕಿ ನಿಧಾನವಾಗಿ ತುಂಬಿದರೆ ಬದುಕಬಹುದು. ಇಲ್ಲಿ ಐದು ಸೆಲ್ಲು 1200ರ ಆಸುಪಾಸು, ಒಂದು ಮಾತ್ರ 1100. ಆ ಒಂದು ಸತ್ತಿತ್ತು. ಕಾರಣ ಕೇಳುತ್ತ ಹೋದಾಗ ನೀರಿನ ವಿಷಯ ಬಂತು. ಡಿಸ್ಟಿಲ್ಡ್ ವಾಟರ್ ಖಾಲಿಯಾಗಿದ್ದಾಗ ಫಿಲ್ಟರ್ ನೀರು ಹುಯ್ದಿದ್ದರು. ಕುಡಿಯಲು ಚೆನ್ನಾಗಿರುವ ನೀರಿನಲ್ಲಿ ಬ್ಯಾಟರಿಗೆ ಬೇಡದ ಉಪ್ಪು ಇನ್ನೂ ಉಳಿದಿರುತ್ತದೆ. 

ಅದೇ ಮನೆಯಲ್ಲಿ ಇನ್ನೊಂದನ್ನು ನೋಡಿ ನನ್ನೆದೆ ಧಸಕ್ ಅಂದಿತು. ಬ್ಯಾಟರಿ ಇಟ್ಟಿದ್ದು ದೇವರ ಕೋಣೆಯ ಕಪಾಟಿನ ಕೆಳಗೆ, ಪಕ್ಕದಲ್ಲೇ ನಂದಾದೀಪ. ಚಾರ್ಜಾಗುವಾಗ ಬ್ಯಾಟರಿಯಿಂದ ಜಲಜನಕ ಏಳುತ್ತದೆ, ಬೆಂಕಿ ಸೋಕಿದರೆ ಸಿಡಿಯುತ್ತದೆ. ದೀಪ ತೆಗೆಯಿರಿ ಅನ್ನಲು ನನಗೆ ಬಾಯಿ ಬರಲಿಲ್ಲ. ಬ್ಯಾಟರಿಯನ್ನು ಗಾಳಿಯಾಡುವ ಹಿತ್ತಿಲ ಪಡಸಾಲೆಗೆ ಎತ್ತಿಡಿಸಿದೆವು.

ಆಕಾಶದ ಉಪಗ್ರಹಕ್ಕೂ ಕತ್ತಲೆಗಾಲವಿದೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನ ವಿಷುವದ ಆಸುಪಾಸಿನಲ್ಲಿ ಕೆಲವು ವಾರ ಅದು ದಿನವೂ ಭೂಮಿಯ ನೆರಳಿಗೆ ಬೀಳುತ್ತದೆ, ಹೆಚ್ಚೆಂದರೆ 72 ನಿಮಿಷ, ಅಷ್ಟು ಹೊತ್ತೂ ಬ್ಯಾಟರಿಯೇ ಗತಿ. ಯಾವತ್ತು ಎಷ್ಟು ಹೊತ್ತು ಎಂಬ ಲೆಕ್ಕ ಮೊದಲೇ ಗೊತ್ತಿರುತ್ತದೆ. ಅರಕಲಗೂಡಿನವರ ಕತ್ತಲೆಗಾಲವೂ ಪಂಚಾಂಗದಲ್ಲೇ ಇದೆ. ಮೃಗಶಿರ ಮಳೆ ಹಿಡಿಯುವ ಮುಂಚೆ ಬ್ಯಾಟರಿಯ ಟರ್ಮಿನಲ್ ಬೆಳ್ಳಗೆ ಹೂ ಬಿಟ್ಟಿದ್ದರೆ ಬಿಸಿನೀರಲ್ಲಿ ತೊಳೆದು ವ್ಯಾಸಲೀನ್ ಸವರಿ. ಮೋಡದ ದಿನಗಳಲ್ಲಿ ಎರಡು ವಾರಕ್ಕೊಮ್ಮೆಯಾದರೂ ಮೇನ್ಸ್ ಕರೆಂಟಿನಲ್ಲಿ ಪೂರ್ತಿ ತುಂಬಿಸಿ. ಸೋಲಾರ್ ಇಟ್ಟುಕೊಂಡು ಮೇನ್ಸಿಂದ ಚಾರ್ಜ್ ಮಾಡುವುದೇ ಎಂದು ಮೂಗು ಮುರಿಯುವವರಿದ್ದಾರೆ. ಹದಿನೈದು ಸಾವಿರದ ಬ್ಯಾಟರಿ ಮುಂದೆ ಎರಡು ಯೂನಿಟ್ ಕರೆಂಟು ಯಾವ ಲೆಕ್ಕ?

ಇಷ್ಟೂ ನಿಮ್ಮ ಕೈಯಲ್ಲಿ ಆಗುವ ಕೆಲಸ. ಇನ್ನು ಕೈ ಹಾಕಬಾರದ ಕೆಲಸ ಹೇಳುತ್ತೇನೆ.

ಶ್ರವಣಬೆಳಗೊಳದ ದಾರಿಯ ಒಂದು ಕೋಳಿ ಫಾರಂನಲ್ಲಿ 335 ವ್ಯಾಟಿನ ಆರು ಪ್ಯಾನೆಲ್ಲು ಸರಣಿಯಲ್ಲಿತ್ತು. ಬಿಸಿಲಲ್ಲಿ 220 ವೋಲ್ಟಿಗೂ ಮೇಲೆ, ಅದೂ ಡಿಸಿ. ಮೇಲಿಂದ ಬರುವ ವೈರಿಗೆ ಮನೆ ಬೋರ್ಡಿನಲ್ಲಿ ಉಳಿದಿದ್ದ ಮಾಮೂಲಿ ಎಂಸಿಬಿ ಹಾಕಿದ್ದರು. 32 ಆಂಪಿಯರ್ ತಡೆಯುತ್ತೆ ಅಂತ ಬರೆದಿದೆಯಲ್ಲ ಅನ್ನುವುದು ಅವರ ವಾದ. ಮನೆ ಕರೆಂಟು ಎಸಿ, ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ. ಸ್ವಿಚ್ಚು ತೆರೆದಾಗ ಹುಟ್ಟುವ ಕಿಡಿ ಆ ಸೊನ್ನೆಯಲ್ಲಿ ನಂದುತ್ತದೆ. ಡಿಸಿಗೆ ಸೊನ್ನೆಯೇ ಇಲ್ಲ. ಎಂಸಿಬಿ ಕೆಳಗೆ ಒತ್ತಿದರೂ ಒಳಗೆ ಕಿಡಿ ಉರಿಯುತ್ತಲೇ ಇರುತ್ತದೆ, ಮೊದಲು ಪ್ಲಾಸ್ಟಿಕ್ಕು, ಆಮೇಲೆ ಬೋರ್ಡು. ಅಲ್ಲಿ ಹೋದಾಗ ಎಂಸಿಬಿಯ ಹೊಟ್ಟೆ ಕರಗಿ ತೂತು ಬಿದ್ದು, ಗೋಡೆಯ ಸುಣ್ಣ ಒಂದು ಮೊಳ ಮಸಿಯಾಗಿತ್ತು. ಮೇಲೆ ಹೊಟ್ಟು ತುಂಬಿದ ಚೀಲಗಳಿದ್ದವು. ಡಿಸಿ ಎಂದು ಮುದ್ರಿಸಿರುವ, ನಿಮ್ಮ ವೋಲ್ಟಿಗೆ ತಕ್ಕ ಎಂಸಿಬಿಯೇ ಬೇಕು, ಪ್ಲಸ್ ಮೈನಸ್ ಗುರುತು ಇದ್ದರೆ ಅದೇ ಪ್ರಕಾರ ಜೋಡಿಸಬೇಕು. ಲೋಡು ಇರುವಾಗ ಪ್ಯಾನೆಲ್ಲಿನ ಎಂಸಿ4 ಕನೆಕ್ಟರ್ ಎಳೆದು ಬಿಚ್ಚುವುದೂ ಇದೇ ಅಪಾಯ. ಮೊದಲು ಯುಪಿಎಸ್ಸು, ಆಮೇಲೆ ಡಿಸಿ ಸ್ವಿಚ್ಚು, ಕ್ಲಾಂಪ್ ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಕನೆಕ್ಟರು. ಪ್ಯಾನೆಲ್ಲಿಗೆ ಆಫ್ ಬಟನ್ ಇಲ್ಲ, ಬೆಳಕಿರುವ ತನಕ ಅದು ಆನ್. ಒಂದೆರಡು ಚಿಕ್ಕ ಪ್ಯಾನೆಲ್ಲಾದರೆ ನೀವೇ ನೋಡಿಕೊಳ್ಳಿ. ಸಾಲಿನ ವೋಲ್ಟೇಜು 60 ದಾಟಿದ ಮೇಲೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬರಲಿ.

ಕರೆಂಟು ಹೋದಾಗ ನಮ್ಮ ಸೋಲಾರೂ ನಿಂತುಹೋಗುತ್ತದೆ ಎಂದು ದೂರುವವರದು ಬಹುಪಾಲು ಬ್ಯಾಟರಿ ಇಲ್ಲದ ಆನ್‌ಗ್ರಿಡ್. ಅದು ಕೆಟ್ಟಿಲ್ಲ, ಹಾಗೇ ಮಾಡಿರುವುದು. ಲೈನು ಸತ್ತಿದೆ ಅಂದುಕೊಂಡು ಲೈನ್‌ಮನ್ ಕಂಬ ಹತ್ತಿರುವಾಗ ನಿಮ್ಮ ಮನೆಯಿಂದ ಕರೆಂಟು ಹಿಂದಕ್ಕೆ ಹರಿದರೆ ಅವನ ಜೀವ ಹೋಗುತ್ತದೆ. ಸೋಲಾರ್ ಹೀಗೆ ನಿಲ್ಲುವುದನ್ನು ತಪ್ಪಿಸಲು ಎರಡು ಕಡೆಯೂ ಪಿನ್ನಿರುವ ವೈರು ಮಾಡಿ ಇನ್ವರ್ಟರನ್ನು ಗೋಡೆ ಸಾಕೆಟ್ಟಿಗೆ ಚುಚ್ಚುವ ವಿದ್ಯೆಯೊಂದು ಓಡಾಡುತ್ತಿದೆ. ಅಂಥ ವೈರು ಕಣ್ಣಿಗೆ ಬಿದ್ದರೆ ನಾನು ಕೇಳದೆ ಕತ್ತರಿಸುತ್ತೇನೆ, ಬೈಸಿಕೊಂಡಿದ್ದೇನೆ, ಪರವಾಗಿಲ್ಲ. ಗ್ರಿಡ್ಡಿಗೆ ಸೇರಿಸುವುದಿದ್ದರೆ ನಮ್ಮ ಜಿಲ್ಲೆಯಲ್ಲಿ ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್‌ಗೆ ಅರ್ಜಿ ಹಾಕಿ, ಎರಡೂ ಕಡೆಯ ಲೆಕ್ಕ ಬರೆಯುವ ಮೀಟರ್ ಹಾಕಿಸಿಕೊಳ್ಳಲೇಬೇಕು. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಅದು ನೋಂದಾಯಿತ ಮಾರಾಟಗಾರರ ಮೂಲಕ ಕೂರಿಸಿದವರಿಗೆ. ಸ್ವಂತ ಕೈಯಲ್ಲಿ ಮಾಡಿಕೊಂಡವರಿಗೆ ಬರುವುದಿಲ್ಲ. ಮೂರು ಕಿಲೋವ್ಯಾಟ್ ಬೇಕಾದವರು ಆ ದಾರಿಯಲ್ಲೇ ಹೋಗುವುದು ಲೇಸು. ಕೈಕೆಲಸದ ಹುಚ್ಚಿರುವವರಿಗೆ ಬ್ಯಾಟರಿ ಸೋಲಾರೇ ಸಾಕಷ್ಟಾಯಿತು.

ಅಶ್ವಿನಿ, ಭರಣಿ ಮಳೆಯ ಗುಡುಗು ಸಿಡಿಲಿನ ವಿಷಯ ಹೇಳದೆ ಬಿಡುವಂತಿಲ್ಲ. ಎತ್ತರದ ತಾರಸಿ ಮೇಲೆ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿ ಅರ್ತಿಂಗ್ ಕೊಡದಿದ್ದರೆ, ಪಕ್ಕದ ತೋಟಕ್ಕೆ ಸಿಡಿಲು ಬಡಿದರೂ ನಿಮ್ಮ ಕಂಟ್ರೋಲರ್ ಹೋಗಬಹುದು. ಸ್ಟ್ಯಾಂಡಿಗೂ ಪ್ಯಾನೆಲ್ ಚೌಕಟ್ಟಿಗೂ ದಪ್ಪ ತಾಮ್ರದ ವೈರು ಕಟ್ಟಿ, ಆದಷ್ಟು ನೇರವಾಗಿ ಇಳಿಸಿ, ನೆಲದ ಗುಂಡಿಗೆ ಸೇರಿಸಿ. ಬೋರ್‌ವೆಲ್ ಕೇಸಿಂಗಿಗೆ ಕಟ್ಟಿ ಕೈತೊಳೆದುಕೊಳ್ಳಬೇಡಿ, ಅದೇ ನೀರಿಗೆ ಮನೆಯವರು ಕೈಯೊಡ್ಡುತ್ತಾರೆ. ಪ್ಯಾನೆಲ್ ವೈರು ಮನೆಯೊಳಗೆ ಬರುವಲ್ಲಿ ಸರ್ಜ್ ತಡೆಯುವ ಡಿಸಿ ಸಾಧನ ಹಾಕಿ. ಅದರ ಮೇಲಿನ ಪುಟ್ಟ ಕಿಂಡಿ ಹಸಿರಿದ್ದರೆ ಸರಿ, ಕೆಂಪಾಗಿದ್ದರೆ ಒಂದು ಸಿಡಿಲು ನುಂಗಿದೆ ಎಂದರ್ಥ, ಬದಲಾಯಿಸಿ. ನಮ್ಮ ಕೆಂಪು ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಒಣಮಣ್ಣು ಕರೆಂಟನ್ನು ಹೀರಿಕೊಳ್ಳುವುದಿಲ್ಲ. ಫೆಬ್ರವರಿಯಿಂದ ಮಳೆ ಹಿಡಿಯುವ ತನಕ ಅರ್ತಿಂಗ್ ಗುಂಡಿಗೆ ವಾರಕ್ಕೊಂದು ಬಿಂದಿಗೆ ನೀರು ಹುಯ್ಯಿರಿ.